ಶರಣರ ವೇಷ ಮತ್ತು ಅಜ್ಜಿಯ ಪೆಟ್ಟಿಗೆ

ಅನ್ನದ ನಂತರ ಮನುಷ್ಯನಿಗೆ ಬೇಕಾದುದು ಅರಿವೆ. ಚಳಿ ಬಿಸಿಲುಗಳಿಂದ ಮೈಯನ್ನು ಕಾಯುವುದು ಅದರ ಮೊದಲ ಕೆಲಸ. ಮಾನವನ್ನು ಕಾಯುವುದು ಎರಡನೆಯದು. ಉಟ್ಟವರು ಯಾವ ಸೀಮೆಯವರು, ಯಾವ ಕಾಯಕದವರು, ಯಾವ ಕಾಲದವರು ಎಂಬುದನ್ನು ನೋಡಿದವರಿಗೆ ತಿಳಿಸುವುದು ಮೂರನೆಯದು. ಈ ಮೂರನೆಯ ಕೆಲಸದಿಂದಲೇ ವೇಷವೆಂಬುದು ಹುಟ್ಟಿತು. ಮತ್ತೊಬ್ಬರ ಉಡುಗೆಯನ್ನು ತೊಟ್ಟು ಕೆಲಹೊತ್ತು ಅವರಾಗಿ ನಿಲ್ಲುವುದೇ ವೇಷ. ಅಜ್ಜನ ರುಮಾಲನ್ನು ತಲೆಗೆ ಸುತ್ತಿ, ಅಜ್ಜಿಯ ಚಾಳೀಸನ್ನು ಮೂಗಿಗೇರಿಸಿ ಪಡಸಾಲೆಯಲ್ಲಿ ಗಂಭೀರವಾಗಿ ನಡೆದಾಡುವ ಮಕ್ಕಳನ್ನು ಕಾಣದ ಮನೆ ಯಾವುದು?

ಮನೆಯೊಳಗಿನ ಈ ಆಟವೇ ಇಂದು ಶಾಲೆ, ಸಂಘ, ಮಠಗಳ ವೇದಿಕೆಗಳಲ್ಲಿ ಛದ್ಮವೇಷ ಸ್ಪರ್ಧೆಯಾಗಿ ಬೆಳೆದಿದೆ. ಬಸವ ಜಯಂತಿಯಂದು ಮಕ್ಕಳಿಗೆ ಶರಣರ ವೇಷ ತೊಡಿಸುವುದು ಅನೇಕ ಊರುಗಳಲ್ಲಿ ರೂಢಿಯಾಗಿದೆ. ಇದು ಸಂತೋಷದ ಸಂಗತಿ. ಆದರೂ ಈ ವಿಷಯವಾಗಿ ನಾಲ್ಕು ಮಾತು ಬರೆಯಲು ನಮಗೊಂದು ಕಾರಣವಿದೆ. ಆ ಕಾರಣದಲ್ಲಿ ನಮ್ಮದೇ ಒಂದು ತಪ್ಪು ಸೇರಿದೆ.

ನಾವು ಕೊಟ್ಟ ತೀರ್ಪು

೨೦೨೩ರ ಬಸವ ಜಯಂತಿಯಂದು ನಮ್ಮ ಸೀಮೆಯ ಒಂದು ಮಠದಲ್ಲಿ ಮಕ್ಕಳ ವೇಷ ಸ್ಪರ್ಧೆ ಏರ್ಪಟ್ಟಿತ್ತು. ಮುಂಜಾನೆ ಅದೇ ವೇದಿಕೆಯ ಮೇಲೆ ಕಾಯಕ ತತ್ತ್ವವನ್ನು ಕುರಿತು ಒಂದು ತಾಸು ಉಪನ್ಯಾಸ ಮಾಡಿದ ನಮ್ಮನ್ನೇ ಮಧ್ಯಾಹ್ನ ತೀರ್ಪುಗಾರರ ಸ್ಥಾನದಲ್ಲಿ ಕುಳ್ಳಿರಿಸಿದರು. ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬಸವಣ್ಣನವರಾಗಿ ಬಂದಿದ್ದರು. ಎಲ್ಲರ ತಲೆಯ ಮೇಲೂ ಹೊಳೆಯುವ ಕಿರೀಟ, ಮೈಮೇಲೆ ಮಖಮಲ್ಲಿನ ಅಂಗಿ, ಕೊರಳಲ್ಲಿ ಪ್ಲಾಸ್ಟಿಕ್ ಮುತ್ತಿನ ಹಾರ. ಎಲ್ಲವೂ ಬಾಡಿಗೆಯ ಅಂಗಡಿಯಿಂದ ಬಂದವು. ಅವುಗಳಲ್ಲಿ ಅತ್ಯಂತ ಅಂದವಾಗಿ ಕಂಡ ಬಾಲಕನಿಗೆ ನಾವು ಮೊದಲ ಬಹುಮಾನ ಕೊಟ್ಟೆವು.

ಅದೇ ಸಾಲಿನಲ್ಲಿ ಎಂಟೊಂಬತ್ತು ವರ್ಷದ ಒಬ್ಬ ಬಾಲಕಿಯೂ ನಿಂತಿದ್ದಳು. ಅಂಚು ಸವೆದ ಹಳೆಯ ಇಳಕಲ್ಲ ಸೀರೆಯನ್ನು ಅರ್ಧಕ್ಕೆ ಮಡಿಚಿ ಅವಳಿಗೆ ಉಡಿಸಿದ್ದರು. ಖಣದ ಕುಪ್ಪಸವು ದೊಡ್ಡದಾಗಿದ್ದುದರಿಂದ ಬೆನ್ನಿಗೆ ಹೊಲಿಗೆ ಹಾಕಿ ಬಿಗಿಮಾಡಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದು ಕದಿರು ಮತ್ತು ಹಿಡಿ ಅರಳೆ.

"ಯಾರ ವೇಷ ತಂಗಿ?" ಎಂದು ಕೇಳಿದೆವು.

"ಕದಿರ ರೆಮ್ಮವ್ವರೀ. ನೂಲ ತೆಗಿಯೋ ಕಾಯಕಾರೀ" ಎಂದಳು.

ನಾವು ತಲೆಯಾಡಿಸಿ ಮುಂದಕ್ಕೆ ಹೋದೆವು. ಅವಳಿಗೆ ಯಾವ ಬಹುಮಾನವೂ ಬರಲಿಲ್ಲ. ಪ್ರಸಾದದ ಪಂಕ್ತಿಯಲ್ಲಿ ಅವಳ ಅಜ್ಜಿ ನಮ್ಮ ಬಳಿಗೆ ಬಂದು ಶರಣು ಮಾಡಿ, ಸಿಟ್ಟಿಲ್ಲದೆ, ಸಣ್ಣ ದನಿಯಲ್ಲಿ ಕೇಳಿದರು: "ಗುರುಗಳ, ನಮ್ಮ ಹುಡುಗೀದು ಏನರ ತಪ್ಪಾಗಿತ್ತೇನ್ರಿ? ಮುಂಜಾನಿ ನೀವ ಹೇಳಿದ್ರಿ, ಕಾಯಕದಾಗ ದೊಡ್ಡದು ಸಣ್ಣದು ಇಲ್ಲಂತ. ಅದಕ್ಕ ಕೇಳಿದ್ನಿ."

ನಮ್ಮಲ್ಲಿ ಉತ್ತರವಿರಲಿಲ್ಲ. ಮುಂಜಾನೆ ಬಾಯಿಂದ ಹೇಳಿದುದನ್ನು ಮಧ್ಯಾಹ್ನ ನಮ್ಮ ಕಣ್ಣೇ ಮರೆತಿತ್ತು. ಹೊಳೆಯುವುದನ್ನೇ ನಾವು ಶರಣರೆಂದು ಬಗೆದಿದ್ದೆವು. ಆ ಪ್ರಶ್ನೆಯು ಅನೇಕ ದಿನ ನಮ್ಮನ್ನು ಬಿಡಲಿಲ್ಲ. ಶರಣರು ನಿಜವಾಗಿ ಏನನ್ನು ಉಡುತ್ತಿದ್ದರು, ಈ ಕಿರೀಟ ಮಖಮಲ್ಲುಗಳು ಎಲ್ಲಿಂದ ಬಂದವು ಎಂದು ವಿಚಾರಿಸತೊಡಗಿದೆವು. ಹಾಗೆ ತಿಳಿದುಕೊಂಡುದನ್ನು ಓದುಗ ಶರಣ ಬಂಧುಗಳ ಮುಂದಿಡುತ್ತಿದ್ದೇವೆ.

ಕಲ್ಯಾಣದ ಕಾಲದ ಉಡುಗೆ

ಹನ್ನೆರಡನೆಯ ಶತಮಾನದ ಶರಣರನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಒಂದೂ ನಮಗೆ ದೊರೆತಿಲ್ಲ. ೧೨೬೦ರ ಅರ್ಜುನವಾಡ ಶಾಸನದಲ್ಲಿ ಬಸವಣ್ಣನವರ ಹೆಸರುಂಟು. ಅವರ ಉಡುಗೆಯ ಮಾತಿಲ್ಲ. ಆದರೆ ಆ ಕಾಲದ ಜನ ಏನುಡುತ್ತಿದ್ದರೆಂಬುದನ್ನು ಅರಿಯಲು ಬೇರೆ ಸಾಧನಗಳಿವೆ. ಚಾಲುಕ್ಯರ ದೇವಾಲಯಗಳ ಗೋಡೆಯ ಮೇಲಿನ ಶಿಲ್ಪಗಳನ್ನು ಗಮನವಿಟ್ಟು ನೋಡಿದರೆ, ಹೊಲಿದ ಬಟ್ಟೆಗಿಂತ ಸುತ್ತಿ ಉಡುವ ಬಟ್ಟೆಯೇ ಅಲ್ಲಿ ಹೆಚ್ಚಾಗಿರುವುದು ಕಾಣುತ್ತದೆ. ಸೊಂಟಕ್ಕೆ ಸುತ್ತಿದ ಒಂದು ವಸ್ತ್ರ, ಹೆಗಲ ಮೇಲೊಂದು ಉತ್ತರೀಯ, ನಡುವಿಗೆ ಪಟ್ಟಿ. ಇದು ಸಾಮಾನ್ಯ ರೀತಿ. ಅಲ್ಲಿನ ಕಿರೀಟಗಳು ದೇವತೆಗಳಿಗೂ ಅರಸರಿಗೂ ಮೀಸಲು.

ಇನ್ನೊಂದು ಸಾಧನ 'ಮಾನಸೋಲ್ಲಾಸ'. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥದಲ್ಲಿ 'ವಸ್ತ್ರೋಪಭೋಗ'ವೆಂಬ ಒಂದು ಭಾಗವೇ ಇದೆ. ನಾಗಪಟ್ಟಣ, ಸಿಂಹಳ, ಕಳಿಂಗ, ವಂಗ ಮುಂತಾದ ದೂರದ ಸೀಮೆಗಳಿಂದ ಬರುವ ವಸ್ತ್ರಗಳ ಹೆಸರು ಅಲ್ಲಿ ಬರುತ್ತದೆ. ಋತುವಿಗೆ ತಕ್ಕಂತೆ ಅರಸನು ವಸ್ತ್ರವನ್ನು ಬದಲಿಸಬೇಕೆಂಬ ವಿಧಾನವೂ ಅಲ್ಲಿದೆ. ಕೆಲವೇ ದಶಕಗಳ ತರುವಾಯ ಬಸವಣ್ಣನವರು ಭಂಡಾರಿಗಳಾದುದು ಇದೇ ಕಲ್ಯಾಣದಲ್ಲಿ. ಅಂದರೆ ಅರಮನೆಯಲ್ಲಿ ವಸ್ತ್ರದ ವೈಭವವು ತುಂಬಿದ್ದ ಕಾಲದಲ್ಲಿಯೇ, ಅದೇ ಊರಿನಲ್ಲಿ, ನೂಲುವವರು, ನೇಯುವವರು, ಹೊಲಿಯುವವರು, ಒಗೆಯುವವರು ಅನುಭವ ಗೋಷ್ಠಿಯಲ್ಲಿ ಸರಿಸಮವಾಗಿ ಕುಳಿತರು. ಅರಮನೆಯವರು ಉಟ್ಟ ಬಟ್ಟೆಯ ವರ್ಣನೆ ಗ್ರಂಥವಾಯಿತು. ಬಟ್ಟೆಯನ್ನು ಮಾಡಿದವರ ಮಾತು ವಚನವಾಯಿತು. ಈ ಎರಡನ್ನೂ ಒಟ್ಟಿಗೆ ನೆನೆದರೆ ಕಲ್ಯಾಣದ ಹಿರಿಮೆ ಚೆನ್ನಾಗಿ ಅರ್ಥವಾಗುತ್ತದೆ.

ಕಿರೀಟ ಬಂದ ದಾರಿ

ಹಾಗಾದರೆ ಈಗಿನ ಕಿರೀಟದ ರೂಪವು ಎಲ್ಲಿಂದ ಬಂದಿತು? ಅದಕ್ಕೆ ನಾವು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರಬೇಕು. ೧೮೯೪ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಚಿತ್ರ ಮುದ್ರಣಾಲಯವನ್ನು ತೆರೆದರು. ಅಲ್ಲಿಂದ ಹೊರಟ ಬಣ್ಣದ ಪಟಗಳು ಭಾರತದ ಮನೆಮನೆಯ ಗೋಡೆಗಳನ್ನು ತಲುಪಿದವು. ಆ ಪಟಗಳಲ್ಲಿ ಲಕ್ಷ್ಮೀ ಸರಸ್ವತಿಯರು ಸೀರೆ ಕುಪ್ಪಸಗಳನ್ನು ಉಟ್ಟರು. ಪುರಾಣದ ಪಾತ್ರಗಳಿಗೆ ಚಿತ್ರಕಾರನು ತೊಡಿಸಿದ ಉಡುಗೆಯನ್ನೇ ಜನರು ಪುರಾಣದ ಉಡುಗೆಯೆಂದು ನಂಬಿದರು.

ಎರಡನೆಯ ದಾರಿ ನಾಟಕದ್ದು. ೧೮೮೪ರಲ್ಲಿ ಆರಂಭವಾದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯಿಂದ ಮೊದಲುಗೊಂಡು ಅನೇಕ ಕಂಪನಿಗಳು ನಾಡನ್ನು ಸುತ್ತಿದವು. ದೀಪದ ಬೆಳಕಿನಲ್ಲಿ, ಕಡೆಯ ಸಾಲಿನಲ್ಲಿ ಕುಳಿತವನಿಗೂ ಅರಸನು ಅರಸನಾಗಿಯೇ ಕಾಣಬೇಕು. ಆದುದರಿಂದ ಮಖಮಲ್ಲು, ಜರಿ, ಮಣಿ, ಹಿತ್ತಾಳೆಯ ತಗಡುಗಳು ರಂಗಕ್ಕೆ ಅವಶ್ಯಕವಾದವು. ಇದು ರಂಗಭೂಮಿಯ ನ್ಯಾಯ, ಇದರಲ್ಲಿ ದೋಷವಿಲ್ಲ. ಅನಂತರ ಚಲನಚಿತ್ರ ಬಂದಿತು. ೧೯೫೯ರ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಹೊನ್ನಪ್ಪ ಭಾಗವತರನ್ನು ಬಸವಣ್ಣನವರಾಗಿ ನೋಡಿ ಕೈಮುಗಿದ ಹಿರಿಯರು ಎಷ್ಟೋ ಮಂದಿ. ಚಿತ್ರಪಟ, ರಂಗಭೂಮಿ, ತೆರೆ ಈ ಮೂರೂ ಕೂಡಿ ನಮ್ಮ ಮನಸ್ಸಿನಲ್ಲಿ ಒಂದು ರೂಪವನ್ನು ನಿಲ್ಲಿಸಿದವು. ಬಾಡಿಗೆಯ ಅಂಗಡಿಯವರು ಅದೇ ರೂಪವನ್ನು ಅಗ್ಗದ ಬಟ್ಟೆಯಲ್ಲಿ ಹೊಲಿಸಿ ಇಟ್ಟಿದ್ದಾರೆ.

ಭಕ್ತರು ಪೂಜಿಸುವ ಭಾವಚಿತ್ರವನ್ನು ನಾವು ಇಲ್ಲಿ ಟೀಕಿಸುತ್ತಿಲ್ಲ. ಭಂಡಾರಿ ಪದವಿಯ ಗೌರವವನ್ನು ಚಿತ್ರಕಾರನು ಕಿರೀಟದಿಂದ ತೋರಿಸಿದನೆಂದು ತಿಳಿದರೆ ಸಾಕು. ಭಕ್ತಿಗೆ ಭಾವಚಿತ್ರ ಬೇಕು. ಆದರೆ ಅದು ಇತಿಹಾಸವಲ್ಲವೆಂಬ ಎಚ್ಚರವೂ ಬೇಕು. ೧೯೧೩ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿದ ಹರ್ಡೇಕರ ಮಂಜಪ್ಪನವರು ಖಾದಿಯನ್ನು ವ್ರತದಂತೆ ಉಟ್ಟವರು. ಜಯಂತಿಯ ಮೂಲದಲ್ಲಿಯೇ ಸರಳ ಉಡುಗೆಯ ಆದರ್ಶ ಇದ್ದಿತೆಂಬುದನ್ನು ಮರೆಯಲಾಗದು.

ನಮ್ಮ ಮನೆಗಳ ಉಡುಗೆ

ಅಜ್ಜಿಯರ ಪೆಟ್ಟಿಗೆಯನ್ನು ತೆರೆದರೆ ಬಟ್ಟೆಯ ಇತಿಹಾಸವೇ ಮಡಿಕೆ ಮಡಿಕೆಯಾಗಿ ದೊರೆಯುತ್ತದೆ. ಮೊದಲಿಗೆ ಇಳಕಲ್ಲ ಸೀರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿ, ಎಳೆಗೆ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಒಂದುಗೂಡಿಸುತ್ತಾರೆ. ಕೆಂಪು ರೇಷ್ಮೆಯ ಸೆರಗಿನ ಮೇಲೆ ಬಿಳಿಯ ಗೋಪುರದಾಕಾರಗಳು ಸಾಲಾಗಿ ನಿಲ್ಲುತ್ತವೆ. ಇದೇ 'ತೋಪು ತೆನಿ' ಸೆರಗು. ಅಂಚುಗಳಲ್ಲಿ ಚಿಕ್ಕಿ ಪರಾಸು, ಗೋಮಿ, ಗಾಡಿ ಎಂಬ ಬಗೆಗಳುಂಟು. ಹಿಂದಿನವರು ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೊಲದ ಕೆಲಸ ಮಾಡುತ್ತಿದ್ದರು. ಕಚ್ಚೆಯು ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಬಗ್ಗಿ ಏಳುವ ಕಾಯಕಕ್ಕೆ ಅನುಕೂಲವಾಗಲೆಂದು ಬಂದುದು.

ಸೀರೆಯ ಮೇಲೆ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಿಂದ ತೇರು, ಗೋಪುರ, ಆನೆ, ತೊಟ್ಟಿಲುಗಳನ್ನು ನಮ್ಮ ತಾಯಂದಿರು ಅರಿವೆಯ ಎಳೆಗಳನ್ನು ಎಣಿಸಿಯೇ ಬಿಡಿಸುತ್ತಿದ್ದರು. ಕೆಳಗೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಗವಂತಿ ಹೊಲಿಗೆಯು ಹಿಂದೆ ಮುಂದೆ ಒಂದೇ ತೆರನಾಗಿ ಕಾಣುತ್ತದೆ. ಎಲ್ಲಿಯೂ ಗಂಟು ಕಾಣಿಸದು. ಒಳಗೊಂದು ಹೊರಗೊಂದು ಇರಬಾರದೆಂಬ ಶರಣರ ನಡೆಗೆ ಇದಕ್ಕಿಂತ ಒಳ್ಳೆಯ ಉಪಮೆ ಬೇಕೆ?

ಇನ್ನು ಗುಳೇದಗುಡ್ಡದ ಖಣ. ಕುಪ್ಪಸಕ್ಕಾಗಿಯೇ ನೇಯುವ ಬಟ್ಟೆ ಇದು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲುಗಳೊಡನೆ ಖಣವಿರಲೇಬೇಕು. ಚೊಚ್ಚಲ ಬಸುರಿಗೆ ತವರಿನವರು ಮಾಡುವ ಕಾರ್ಯಕ್ಕೆ ನಮ್ಮ ಸೀಮೆಯಲ್ಲಿ 'ಕುಬಸ'ವೆಂದೇ ಹೆಸರು. ಒಂದು ಉಡುಪಿನ ಹೆಸರೇ ಸಂಸ್ಕಾರದ ಹೆಸರಾದುದು ಎಂಥ ಮಾತು! ಮಗು ಹುಟ್ಟಿದ ಮೇಲೆ ಅಜ್ಜಿಯು ತುಂಡು ಬಟ್ಟೆಗಳಿಂದ ಕುಲಾವಿ, ಕುಂಚಿಗೆಗಳನ್ನು ಹೊಲಿಯುತ್ತಾಳೆ. ಉಳಿದ ಚೂರುಗಳು ಕೌದಿಯಾಗುತ್ತವೆ. ಬಟ್ಟೆ ಹರಿದರೂ ಅದರ ಸೇವೆ ಮುಗಿಯದು.

ಈ ಉಡುಗೆಯೂ ಕಾಲಕಾಲಕ್ಕೆ ಬದಲಾದುದೇ. ೧೮೫೧ರಲ್ಲಿ ಸಿಂಗರ್ ಎಂಬಾತನು ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮುಂದೆ ಆ ಯಂತ್ರವು ನಮ್ಮ ಸಂತೆ ಪೇಟೆಗಳಿಗೂ ಬಂದಿತು. ಮುಂದೆ ಗಂಟು ಹಾಕುತ್ತಿದ್ದ ಕುಪ್ಪಸಕ್ಕೆ ಗುಂಡಿ ಕೊಕ್ಕೆಗಳು ಬಂದವು. ಬಂಗಾಳದ ಠಾಕೂರ ಮನೆತನದ ಜ್ಞಾನದಾನಂದಿನಿ ದೇವಿಯವರು ೧೮೬೦ರ ದಶಕದಲ್ಲಿ ಮುಂಬಯಿಯಲ್ಲಿದ್ದಾಗ ಪಾರಸಿ ಸ್ತ್ರೀಯರನ್ನು ನೋಡಿ, ಕುಪ್ಪಸ ಮತ್ತು ಒಳಲಂಗದೊಡನೆ ಸೀರೆಯನ್ನು ಉಡುವ ಹೊಸ ರೀತಿಯನ್ನು ತಮ್ಮ ಪ್ರಾಂತದಲ್ಲಿ ರೂಢಿಗೆ ತಂದರು. ಇಂದು ಪುರಾತನವೆಂದು ನಾವು ಭಾವಿಸುವ ಎಷ್ಟೋ ರೀತಿಗಳು ನೂರೈವತ್ತು ವರ್ಷಗಳ ಈಚಿನವು. ಗಂಡಸರ ಧೋತರವು ಪಾಯಿಜಾಮವಾಗಿ, ಅನಂತರ ಪ್ಯಾಂಟಾಗಿ ಬದಲಾಯಿತು. ರುಮಾಲು ಟೋಪಿಯಾಯಿತು, ಟೋಪಿಯೂ ಹೋಯಿತು. ಬದಲಾವಣೆಯನ್ನು ನಾವು ಹಳಿಯುವುದಿಲ್ಲ. ಬದಲಾದುದು ಏನೆಂಬುದು ಮಕ್ಕಳಿಗೆ ತಿಳಿದಿರಲಿ ಎಂಬುದಷ್ಟೆ ನಮ್ಮ ಆಶಯ.

ಅರಿವೆಯ ಶರಣರು, ವೇಷದ ಶರಣರು

ಬಟ್ಟೆಯ ಒಂದೊಂದು ಹಂತಕ್ಕೂ ನಮ್ಮ ಪರಂಪರೆಯಲ್ಲಿ ಒಬ್ಬೊಬ್ಬ ಶರಣರಿದ್ದಾರೆ. ನೂಲು ತೆಗೆದವರು ಕದಿರ ರೆಮ್ಮವ್ವೆ. ನೇಯ್ದವರು ಮುದನೂರಿನ ಜೇಡರ ದಾಸಿಮಯ್ಯ, ಬಸವಣ್ಣನವರಿಗಿಂತ ಹಿರಿಯರು. ತಾವು ನೇಯ್ದ ಬೆಲೆಬಾಳುವ ವಸ್ತ್ರವನ್ನು ಜಂಗಮನೊಬ್ಬನು ಬೇಡಿ ಪಡೆದು ಎದುರಿಗೇ ಹರಿದು ಚೂರು ಮಾಡಿದರೂ ದಾಸಿಮಯ್ಯನವರು ಮುನಿಯಲಿಲ್ಲ. ಆ ಜಂಗಮನು ಶಿವನೇ ಆಗಿದ್ದನೆಂಬ ಕಥೆ ಜನಜನಿತವಾಗಿದೆ. ಹೊಲಿದವರು ಸೂಜಿಕಾಯಕದ ರಾಮಿತಂದೆ. ಒಗೆದು ಮಡಿ ಮಾಡಿದವರು ಮಡಿವಾಳ ಮಾಚಿದೇವರು. ಹತ್ತಿಯಿಂದ ಮಡಿಯವರೆಗೆ ಈ ನಾಲ್ವರನ್ನು ನೆನೆದರೆ ನಾವು ಉಟ್ಟ ಅರಿವೆಯೇ ಒಂದು ಶರಣ ಕಥೆಯಾಗುತ್ತದೆ.

ವೇಷ ತೊಡುವುದನ್ನೇ ಕಾಯಕ ಮಾಡಿಕೊಂಡವರೂ ಕಲ್ಯಾಣದಲ್ಲಿದ್ದರು. 'ರೇಕಣ್ಣಪ್ರಿಯ ನಾಗಿನಾಥ'ವೆಂಬ ಅಂಕಿತದ ಬಹುರೂಪಿ ಚೌಡಯ್ಯನವರು ನಾನಾ ರೂಪಗಳನ್ನು ತೊಟ್ಟು ಆಡುವ ಕಾಯಕದವರು. ಆ ಮಾದರಿಯ ಕಲೆ ಇಂದಿಗೂ ಹಗಲುವೇಷದವರಲ್ಲಿ ಉಳಿದಿದೆ. ಅವರು ಊರಿಗೆ ಬಂದು ದಿನಕ್ಕೊಂದು ವೇಷದಂತೆ ಮನೆಮನೆಯ ಮುಂದೆ ನಿಲ್ಲುತ್ತಾರೆ. ರಂಗದ ದೀಪವಿಲ್ಲ, ಪರದೆಯಿಲ್ಲ. ಹಗಲಿನ ಬೆಳಕಿನಲ್ಲಿ, ಕೈಯಳತೆಯ ದೂರದಲ್ಲಿ ನೋಡುವವರನ್ನು ನಂಬಿಸಬೇಕು. ಉಡುಪಿನ ಹೊಲಿಗೆ, ಮುಖದ ಬಣ್ಣ ಎಲ್ಲವೂ ಅವರದೇ ಕೈಕೆಲಸ.

ವೀರಗಾಸೆಯ ಪುರವಂತರದು ಇನ್ನೊಂದು ಬಗೆ. ಕೊರಳ ರುದ್ರಾಕ್ಷಿ, ಎದೆಯ ಮೇಲೆ ವೀರಭದ್ರನ ಹಲಗೆ, ನಾಗಾಭರಣ, ತಲೆಗೆ ಚೌರಿ, ಕೈಯಲ್ಲಿ ಖಡ್ಗ ಇವುಗಳನ್ನು ಧರಿಸಿದ ಪುರವಂತನನ್ನು ನಾವು ವೇಷಧಾರಿ ಎನ್ನುವುದಿಲ್ಲ. ಅದು ವ್ರತದ ಉಡುಗೆ. ಆಟದ ವೇಷಕ್ಕೂ ವ್ರತದ ವೇಷಕ್ಕೂ ಇರುವ ಈ ಅಂತರವನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು.

ಇನ್ನು ಅಕ್ಕಮಹಾದೇವಿ. ಅರಮನೆಯ ಪಟ್ಟೆ ಪೀತಾಂಬರಗಳನ್ನು ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಕೇಶವನ್ನೇ ಮರೆಮಾಡಿಕೊಂಡು ಹೊರಟ ತಾಯಿ. ಕಲ್ಯಾಣದಲ್ಲಿ ಅಲ್ಲಮಪ್ರಭುಗಳು ಆ ಕೇಶದ ಮರೆಯನ್ನೇ ಪ್ರಶ್ನಿಸಿದ ಪ್ರಸಂಗವು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಅಂಥ ಅಕ್ಕನ ಪಾತ್ರಕ್ಕೆ ಹೆಣ್ಣುಮಕ್ಕಳನ್ನು ನಿಲ್ಲಿಸುವಾಗ ಕೆಲವರು ಜರಿಯ ಸೀರೆ, ಕಿವಿಗೆ ಜುಮುಕಿ, ತುಟಿಗೆ ಬಣ್ಣ ಹಚ್ಚಿ ಕಳಿಸುತ್ತಾರೆ. ಅಕ್ಕ ಬಿಟ್ಟು ಹೋದುದೆಲ್ಲವನ್ನೂ ನಾವು ಮರಳಿ ಅವಳ ಮೈಮೇಲೆ ಹೇರಿದಂತಾಯಿತಲ್ಲವೆ? ಒಂದು ಬಿಳಿಯ ನೂಲಿನ ಸೀರೆ, ಬಿಚ್ಚಿದ ಕೂದಲು, ಹಣೆಯಲ್ಲಿ ವಿಭೂತಿ ಸಾಕು.

ಮನೆಯಲ್ಲಿಯೇ ಸಿದ್ಧಪಡಿಸುವ ಬಗೆ

ಶರಣರ ವೇಷಕ್ಕೆ ಬೇಕಾದುದು ಬಹುಪಾಲು ಮನೆಯಲ್ಲಿಯೇ ಇದೆ. ಗಂಡುಮಗುವಿಗೆ ಹಿರಿಯರ ಹಳೆಯ ಧೋತರ ಒಂದು. ಅದನ್ನು ಕತ್ತರಿಸದೆ ಉದ್ದಕ್ಕೆ ಎರಡು ಮಡಿಕೆ ಮಾಡಿ ಅಗಲವನ್ನು ಕುಗ್ಗಿಸಿದರೆ ಮಗುವಿನ ಎತ್ತರಕ್ಕೆ ಹೊಂದುತ್ತದೆ; ನಡುವಿಗೆ ಒಂದು ಪಟ್ಟಿ ಬಿಗಿದರೆ ಕಳಚುವ ಭಯವಿಲ್ಲ. ಹೆಗಲಿಗೊಂದು ವಲ್ಲಿ. ರುಮಾಲನ್ನು ಮಗುವಿನ ತಲೆಗೆ ನೇರವಾಗಿ ಸುತ್ತುವ ಬದಲು, ಮೊದಲೇ ತಂದೆಯ ಮೊಣಕಾಲಿಗೆ ಸುತ್ತಿ ಆಕಾರ ಕೊಟ್ಟು, ಅಲ್ಲಲ್ಲಿ ಎರಡು ಹೊಲಿಗೆ ಹಾಕಿ, ಅನಂತರ ತಲೆಗಿಟ್ಟರೆ ಬಿಚ್ಚುವುದಿಲ್ಲ. ಹೆಣ್ಣುಮಗುವಿಗೆ ಹಳೆಯ ಸೀರೆಯನ್ನು ಅರ್ಧ ಅಗಲಕ್ಕೆ ಮಡಿಚಿ, ನಿರಿಗೆಗಳನ್ನು ಮೊದಲೇ ಹಿಡಿದು ಹೊಲಿದು, ಒಂದು ಲಾಡಿಗೆ ಜೋಡಿಸಿದರೆ ಲಂಗದಂತೆ ತೊಡಿಸಬಹುದು. ಅಜ್ಜಿಯ ಕುಪ್ಪಸವನ್ನು ಬೆನ್ನಿನಲ್ಲಿ ಕಚ್ಚು ಹೊಲಿಗೆ ಹಾಕಿ ಬಿಗಿಮಾಡಿ, ಮರುದಿನ ಬಿಚ್ಚಬಹುದು. ಒಳ್ಳೆಯ ಸೀರೆಗೆ ಕತ್ತರಿ ತಾಗಬಾರದು.

ಉಡುಗೆ ಹೆಚ್ಚುಕಡಿಮೆ ಒಂದೇ ಆದರೂ ಕೈಯಲ್ಲಿ ಹಿಡಿಯುವ ವಸ್ತುವಿನಿಂದ ಶರಣರನ್ನು ಗುರುತಿಸಬಹುದು. ದಾಸಿಮಯ್ಯನವರಿಗೆ ಮಗ್ಗದ ಲಾಳಿ, ಮಾಚಿದೇವರಿಗೆ ಬಟ್ಟೆಯ ಗಂಟು, ನುಲಿಯ ಚಂದಯ್ಯನವರಿಗೆ ಹಗ್ಗದ ಸುರುಳಿ, ಅಂಬಿಗರ ಚೌಡಯ್ಯನವರಿಗೆ ಹುಟ್ಟು, ಮೋಳಿಗೆಯ ಮಾರಯ್ಯನವರಿಗೆ ಕಟ್ಟಿಗೆಯ ಹೊರೆ, ಹರಳಯ್ಯನವರಿಗೆ ಜೋಡು ಚಮ್ಮಾವುಗೆ, ಸತ್ಯಕ್ಕನಿಗೆ ಕಸಬರಿಗೆ, ಆಯ್ದಕ್ಕಿ ಲಕ್ಕಮ್ಮನಿಗೆ ಮೊರ ಮತ್ತು ಹಿಡಿ ಅಕ್ಕಿ. ಬಸವಣ್ಣನವರಿಗೆ ಲೆಕ್ಕದ ಓಲೆಯ ಕಟ್ಟು. ಹಳೆಯ ರಟ್ಟನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ದಾರ ಪೋಣಿಸಿದರೆ ಓಲೆಯ ಕಟ್ಟು ಸಿದ್ಧ. ಅವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರೆಂಬುದು ಕಿರೀಟಕ್ಕಿಂತ ಇದರಿಂದಲೇ ಮಗುವಿಗೆ ಚೆನ್ನಾಗಿ ತಿಳಿಯುತ್ತದೆ.

ಕೆಲವು ಎಚ್ಚರಿಕೆಯ ಮಾತುಗಳು. ಹಿಂದಿನ ವೇಷಗಾರರು ಮುಖಕ್ಕೆ ಬಳಿಯುತ್ತಿದ್ದ ಅರದಾಳ, ಇಂಗಳೀಕಗಳು ವಿಷದ ವಸ್ತುಗಳು. ಒಂದರಲ್ಲಿ ಪಾಷಾಣ, ಇನ್ನೊಂದರಲ್ಲಿ ಪಾದರಸ ಇರುತ್ತದೆ. ಮಕ್ಕಳ ಮುಖಕ್ಕೆ ಅವು ಬೇಡ. ಮೀಸೆಗೆ ಹರಳೆಣ್ಣೆಯ ದೀಪದ ಕಾಡಿಗೆ ಸಾಕು. ನೈಲಾನು, ಪಾಲಿಯೆಸ್ಟರುಗಳ ಬಾಡಿಗೆ ಉಡುಪು ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಸಡಿಲವಾದ ನೂಲಿನ ಸೆರಗಿಗೂ ಬೆಂಕಿ ಬೇಗ ಹತ್ತುತ್ತದೆ. ಆದುದರಿಂದ ವೇಷ ತೊಟ್ಟ ಮಕ್ಕಳನ್ನು ಆರತಿ, ಕರ್ಪೂರ, ಸಮೆಗಳಿಂದ ದೂರ ನಿಲ್ಲಿಸಬೇಕು. ರಾಮಿತಂದೆಯ ವೇಷದ ಮಗುವಿಗೆ ಚೂಪಾದ ಸೂಜಿ ಕೊಡದೆ ಬಿದಿರ ಕಡ್ಡಿಯನ್ನು ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ವೇಷದಲ್ಲಿ ಏನನ್ನಾದರೂ ನಟಿಸಬಹುದು, ಇಷ್ಟಲಿಂಗವನ್ನು ನಟಿಸಲಾಗದು. ಪೇಟೆಯ ಪ್ಲಾಸ್ಟಿಕ್ ಲಿಂಗವನ್ನು ಮಗುವಿನ ಅಂಗೈಯಲ್ಲಿ ಇಡುವುದು ಸಲ್ಲದು. ಲಿಂಗಧಾರಣೆಯಾದ ಮಗುವು ತನ್ನ ಲಿಂಗವನ್ನು ಎಂದಿನಂತೆ ಎದೆಯ ಮೇಲೆ ಧರಿಸಿರಲಿ. ಉಳಿದವರು ಬರಿಯ ಕೈಮುಗಿದು ನಿಂತರೆ ಕೊರತೆಯೇನೂ ಆಗದು.

ನಾವು ತಿದ್ದಿಕೊಂಡ ರೀತಿ

ಮರುವರ್ಷ, ೨೦೨೪ರ ಜಯಂತಿಗೆ ಮುನ್ನ, ಬಾಡಿಗೆಯ ವೇಷವನ್ನು ನಿಷೇಧಿಸಬೇಕೆಂದು ನಾವು ಮಠದ ಹಿರಿಯರಿಗೆ ಸೂಚಿಸಿದೆವು. ನಮ್ಮ ಮಾತು ನ್ಯಾಯವಾಗಿಯೇ ಇದೆಯೆಂಬ ಹೆಮ್ಮೆಯೂ ಇದ್ದಿತು. ಆಗ ಹಿರಿಯ ಭಕ್ತರೊಬ್ಬರು ಒಂದು ವಿಷಯವನ್ನು ತಿಳಿಸಿದರು. ಹಿಂದಿನ ವರ್ಷ ನಾವು ಬಹುಮಾನ ಕೊಟ್ಟ ಬಾಲಕನ ತಂದೆ ಪೇಟೆಯಲ್ಲಿ ಹಮಾಲಿ ಮಾಡುವವರು. ಒಂದು ದಿನದ ಕೂಲಿಯನ್ನು ಬಾಡಿಗೆಗೆ ಕೊಟ್ಟು ಮಗನಿಗೆ ಆ ವೇಷ ತಂದಿದ್ದರು. "ಅವ್ರ ಮನ್ಯಾಗ ಅಜ್ಜನ ಧೋತರಾನೂ ಇಲ್ರಿ, ಪೆಟ್ಟಿಗೀನೂ ಇಲ್ಲ. ಬಾಡಿಗಿ ಬ್ಯಾಡಂದ್ರ ಆ ಹುಡುಗ ಏನ ಹಾಕ್ಕೊಂಡ ಬರಬೇಕ್ರಿ?" ಎಂದು ಅವರು ಕೇಳಿದರು.

ಇದು ಎರಡನೆಯ ಬಾರಿ ನಮಗೆ ಉತ್ತರವಿಲ್ಲದಂತಾದುದು. ಮೊದಲು ಹೊಳಪಿಗೆ ಮರುಳಾಗಿ ಬಡವರ ಕಾಯಕವನ್ನು ಕಡೆಗಣಿಸಿದ್ದೆವು. ಈಗ ಸರಳತೆಯ ಹೆಸರಿನಲ್ಲಿ ಇನ್ನೊಬ್ಬ ಬಡವನ ಮಗನನ್ನು ಬಾಗಿಲ ಹೊರಗೆ ನಿಲ್ಲಿಸಲಿದ್ದೆವು. ಹಳೆಯ ಇಳಕಲ್ಲ ಸೀರೆಯೂ ಒಂದು ಆಸ್ತಿಯೇ. ಎಲ್ಲರ ಮನೆಯಲ್ಲಿಯೂ ಅದು ಇರುವುದಿಲ್ಲ. ದುಡಿಯಲು ಹೋಗುವ ತಾಯಂದಿರಿಗೆ ಕುಳಿತು ಹೊಲಿಯುವ ಬಿಡುವೂ ಇರುವುದಿಲ್ಲ.

ಕೊನೆಗೆ ನಿಷೇಧದ ಮಾತನ್ನು ಕೈಬಿಟ್ಟು, ಮಠದಲ್ಲಿ ಒಂದು ಪೆಟ್ಟಿಗೆಯನ್ನು ಇಡಿಸಿದೆವು. ಹಳೆಯ ಧೋತರ, ಸೀರೆ, ಕುಪ್ಪಸ, ರುಮಾಲು, ವಲ್ಲಿಗಳನ್ನು ಒಗೆದು ಮಡಿಚಿ ತಂದುಕೊಡಿರೆಂದು ಭಕ್ತರಲ್ಲಿ ಕೇಳಿಕೊಂಡೆವು. ಹದಿನೈದು ದಿನಗಳಲ್ಲಿ ಪೆಟ್ಟಿಗೆ ತುಂಬಿತು. ಅನ್ನಕ್ಕೆ ದಾಸೋಹವಿರುವಂತೆ ಅರಿವೆಗೂ ಇರಬಾರದೇಕೆ? ರೆಮ್ಮವ್ವೆಯಾಗಿ ಬಂದಿದ್ದ ಬಾಲಕಿಯ ಅಜ್ಜಿಯೇ ಜಯಂತಿಯ ಹಿಂದಿನ ದಿನ ಬಂದು, ಪಡಸಾಲೆಯಲ್ಲಿ ಕುಳಿತು, ಬಂದ ಮಕ್ಕಳಿಗೆಲ್ಲ ಅಳತೆ ನೋಡಿ ಕಚ್ಚು ಹೊಲಿಗೆ ಹಾಕಿಕೊಟ್ಟರು. ಆ ಹಮಾಲರ ಮಗನಿಗೆ ಧೋತರ ಸಿಕ್ಕಿತು. ಅವನು ತಂದೆಯ ಹೆಗಲ ಮೇಲಿನ ಹಗ್ಗವನ್ನೇ ಕೇಳಿ ತಂದು ನುಲಿಯ ಚಂದಯ್ಯನಾದ. ತನ್ನ ತಂದೆಯ ಹಗ್ಗಕ್ಕೂ ಒಬ್ಬ ಶರಣರಿದ್ದಾರೆಂದು ತಿಳಿದಾಗ ಆ ಹುಡುಗನ ಮುಖದಲ್ಲಿ ಕಂಡ ಸಂತೋಷವನ್ನು ಮಖಮಲ್ಲಿನ ಅಂಗಿಯಲ್ಲಿ ನಾವು ಕಂಡಿರಲಿಲ್ಲ.

ಅಂದು ಮೊದಲನೆಯ, ಎರಡನೆಯ ಬಹುಮಾನವೆಂಬುದನ್ನು ಕೈಬಿಟ್ಟೆವು. ಪ್ರತಿಯೊಂದು ಮಗುವೂ ತಾನು ಯಾರು, ತನ್ನ ಕಾಯಕವೇನು, ತಾನು ತೊಟ್ಟ ಬಟ್ಟೆ ಯಾರದು ಎಂಬ ಮೂರು ಮಾತನ್ನು ಹೇಳಬೇಕು. ಹೇಳಿದ ಎಲ್ಲರಿಗೂ ಒಂದೊಂದು ಪುಸ್ತಕ. ಕೆಲವು ತಂದೆ ತಾಯಂದಿರಿಗೆ ಇದು ಸಪ್ಪೆಯೆನಿಸಿತು. ಕಿರೀಟದ ಬಸವಣ್ಣನವರೂ ಇಬ್ಬರು ಮೂವರು ಬಂದಿದ್ದರು. ಅವರನ್ನೂ ಅಷ್ಟೇ ಪ್ರೀತಿಯಿಂದ ಕೂರಿಸಿಕೊಂಡು ಅದೇ ಮೂರು ಪ್ರಶ್ನೆಗಳನ್ನು ಕೇಳಿದೆವು. "ಈ ಬಟ್ಟಿ ಅಂಗಡ್ಯಾವ್ರದ್ರಿ" ಎಂದು ಒಬ್ಬ ಪುಟ್ಟ ಬಸವಣ್ಣ ಸತ್ಯವನ್ನೇ ನುಡಿದಾಗ ಸಭೆಯೆಲ್ಲ ನಕ್ಕಿತು. ಸತ್ಯ ನುಡಿದವನಿಗೂ ಪುಸ್ತಕ ದೊರೆಯಿತು.

ಓದುಗ ಬಂಧುಗಳೆ, ಮುಂದಿನ ಜಯಂತಿಗೆ ಮಗುವಿಗೆ ವೇಷ ತೊಡಿಸುವ ಮುನ್ನ ಒಮ್ಮೆ ಮನೆಯ ಪೆಟ್ಟಿಗೆಯನ್ನು ತೆರೆಯಿರಿ. ಒಳಗಿನ ಬಟ್ಟೆ ಯಾರು ನೇಯ್ದುದು, ಯಾವ ಕಾರ್ಯಕ್ಕೆ ಬಂದುದು, ಯಾರು ಉಟ್ಟುದು ಎಂಬುದನ್ನು ಮನೆಯ ಹಿರಿಯರ ಬಾಯಿಂದ ಮಗುವಿಗೆ ಹೇಳಿಸಿರಿ. ಬಳಿಕ ಉಳಿದುದನ್ನು ನಿಮ್ಮೂರ ಮಠಕ್ಕೋ ಶಾಲೆಗೋ ಕೊಟ್ಟು, ಪೆಟ್ಟಿಗೆಯಿಲ್ಲದ ಮನೆಯ ಮಗುವೂ ತೊಡುವಂತೆ ಮಾಡಿರಿ. ವೇಷವನ್ನು ಸಂಜೆಗೆ ಕಳಚಿಡಬಹುದು. ಅದರೊಡನೆ ಕೇಳಿದ ಕಥೆ ಮಗುವಿನಲ್ಲಿ ಉಳಿಯುತ್ತದೆ.